ರತ್ನಾ ಅವರ ಫ್ಲಾಸ್ಕಿನಲ್ಲಿ ಚಹಾ ಇಲ್ಲ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ದೆಹಲಿ ಪಕ್ಕದ ಗಾಜಿಯಾಬಾದಿನ ಇಂದಿರಾಪುರಂನಲ್ಲಿ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಮುಂದೆ ರತ್ನಾ ಸ್ಕೂಟರ್ ನಿಲ್ಲಿಸುತ್ತಾರೆ. ಡಿಕ್ಕಿಯಿಂದ ಸ್ಟೀಲಿನ ಫ್ಲಾಸ್ಕ್ ತೆಗೆದು, ಮುಚ್ಚಳ ಬಿಚ್ಚಿ, ಜ್ವರ ನೋಡುವ ಥರ್ಮಾಮೀಟರನ್ನು ಅದರೊಳಕ್ಕೆ ಅದ್ದುತ್ತಾರೆ. ಡಿಸೆಂಬರಿನ ಮಂಜಿಗೆ ಎದುರಿನ ಟವರ್ ಮೂರನೇ ಮಹಡಿಗೇ ಮುಗಿದುಹೋದಂತಿದೆ. ಮಂಕಿಕ್ಯಾಪಿನೊಳಗಿಂದ ಗಾರ್ಡ್ ಕೇಳುತ್ತಾನೆ, “ಚಾಯ್ ಲಾಯೀ ಹೋ, ದೀದಿ?” ರತ್ನಾ ತಲೆಯೆತ್ತುವುದಿಲ್ಲ. ಥರ್ಮಾಮೀಟರ್ ಕುಂಯ್ ಎಂದಮೇಲೆ ನನ್ನ ಕಡೆ ತಿರುಗಿ, “ಮೂವತ್ತೆಂಟೂವರೆ ಸರ್. ಮೇಲೆ ಹೋಗೋಷ್ಟರಲ್ಲಿ ಮೂವತ್ತೇಳಕ್ಕೆ ಇಳಿಯುತ್ತೆ. ಸಾಕು” ಎನ್ನುತ್ತಾರೆ.

ಫ್ಲಾಸ್ಕಿನಲ್ಲಿರುವುದು ಬರೀ ನೀರು. ನಮ್ಮ ಮೈಯಷ್ಟೇ ಬೆಚ್ಚಗಿರುವ ನೀರು. ಇನ್ನು ಕಾಲು ಗಂಟೆಯಲ್ಲಿ ಆ ನೀರೊಳಗೆ ಒಬ್ಬ ಹೆಂಗಸಿನ ರಕ್ತದ ಟ್ಯೂಬ್ ಇಳಿಯಬೇಕು, ಹನ್ನೊಂದು ಕಿಲೋಮೀಟರ್ ದೂರದ ನೋಯ್ಡಾದ ಲ್ಯಾಬ್ ಮುಟ್ಟುವವರೆಗೆ ಅದು ತಣ್ಣಗಾಗಬಾರದು. ಹೊರಗೆ ಆರು ಡಿಗ್ರಿ ಚಳಿ. ಸಿರಿಂಜು, ಖಾಲಿ ಟ್ಯೂಬು ಎರಡನ್ನೂ ರತ್ನಾ ಮನೆಯಿಂದಲೇ ಸ್ವೆಟರಿನ ಒಳಗೆ ಇಟ್ಟುಕೊಂಡು ಬಂದಿದ್ದಾರೆ. “ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ ಬಂದಿದ್ದೀನಿ” ಎಂದು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಇಂಥ ಲೇಖನಗಳನ್ನು ನಾನು ಬಹಳ ಬರೆದಿದ್ದೇನೆ. ಎಲೆಮರೆಯ ಕಾಯಿಯೊಂದನ್ನು ಹುಡುಕುವುದು, ಅವರ ಕಷ್ಟ ಕೇಳುವುದು, ಹೊಗಳಿ ಮುಗಿಸುವುದು. ಕೈ ಪಳಗಿದೆ. ಅಕ್ಟೋಬರಿನಲ್ಲಿ ಸ್ನೇಹಿತರೊಬ್ಬರು “ಗಾಜಿಯಾಬಾದಿನಲ್ಲಿ ಕನ್ನಡದಲ್ಲಿ ಮಾತಾಡಿಸಿ ಸೂಜಿ ಚುಚ್ಚುವ ಹೆಂಗಸೊಬ್ಬರಿದ್ದಾರೆ, ನೋವೇ ಗೊತ್ತಾಗುವುದಿಲ್ಲ” ಎಂದು ರತ್ನಾ ಅವರ ನಂಬರ್ ಕೊಟ್ಟಾಗ, ಸಲೀಸಾದ ಲೇಖನ ಸಿಕ್ಕಿತು ಎಂದುಕೊಂಡಿದ್ದೆ. ರತ್ನಾ ಒಪ್ಪಿಕೊಂಡೂ ಇದ್ದರು. ಡಿಸೆಂಬರಿನ ಮೊದಲ ವಾರ ಅವರೇ ಫೋನ್ ಮಾಡಿ, “ಸರ್, ನನ್ನ ಬಗ್ಗೆ ಬರೀಬೇಡಿ. ನನ್ನಿಂದ ಒಂದು ತಪ್ಪಾಗಿದೆ ಅನ್ಸುತ್ತೆ. ಆಗಿದೆಯೋ ಇಲ್ವೋ ಅನ್ನೋದೂ ಗೊತ್ತಿಲ್ಲ” ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದೆ ಇದ್ದದ್ದಕ್ಕೇ ಹೊರಟು ಬಂದೆ.

ರತ್ನಾ ಅವರಿಗೆ ನಲವತ್ತನಾಲ್ಕು ವರ್ಷ. ಊರು ದಾವಣಗೆರೆ, ಓದಿದ್ದು ಅಲ್ಲೇ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ. ಗಂಡ ಚಂದ್ರಶೇಖರ ಸಾಹಿಬಾಬಾದಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವುದರಿಂದ ಹದಿನೇಳು ವರ್ಷಗಳ ಹಿಂದೆ ಇಲ್ಲಿಗೆ ಬಂದರು. ಆಗ ಹಿಂದಿಯಲ್ಲಿ ಬರುತ್ತಿದ್ದದ್ದು ‘ಮುಟ್ಠಿ ಬಂದ್ ಕರೋ’, ಮುಷ್ಟಿ ಬಿಗಿಹಿಡಿ, ಒಂದೇ. ರಕ್ತ ತೆಗೆಯುವ ಕೆಲಸಕ್ಕೆ ಅಷ್ಟು ಸಾಕಾಗಿತ್ತು. ಈಗ ಮನೆಯಲ್ಲಿ ಮಗಳು ಅಪೂರ್ವಾ ಹಿಂದಿಯಲ್ಲೇ ಜಗಳ ಆಡುತ್ತಾಳೆ, ಅಮ್ಮ ಕನ್ನಡದಲ್ಲೇ ಬೈಯುತ್ತಾರೆ, ಯಾರೂ ಸೋಲುವುದಿಲ್ಲ.

ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಮನೆ. ಮೊದಲ ಬಾಗಿಲು ಐದೂವರೆಗೆ, ಕೊನೆಯದು ಹನ್ನೊಂದಕ್ಕೆ. ಅಷ್ಟರಲ್ಲಿ ಸುಮಾರು ನಲವತ್ತು ಟ್ಯೂಬು, ಮೂವತ್ತು ಕಿಲೋಮೀಟರ್ ಸ್ಕೂಟರ್. ಸೊಸೈಟಿಗಳಲ್ಲಿ ಇವರಿಗೆ ಕಸದ ಡಬ್ಬಿಗಳ ಜೊತೆ ಸರ್ವಿಸ್ ಲಿಫ್ಟು. ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್ ಪರೀಕ್ಷೆಗಳದ್ದೇ ದೊಡ್ಡ ಪಾಲು. ಆದರೆ ಇತ್ತೀಚೆಗೆ ಬೇರೊಂದು ಜಾತಿಯ ಪರೀಕ್ಷೆಗಳು ಹೆಚ್ಚುತ್ತಿವೆಯಂತೆ. ಅವುಗಳ ಹೆಸರು ಉದ್ದ, ಚೀಟಿ ಬರೆದ ಡಾಕ್ಟರ ಅಕ್ಷರ ಗಿಡ್ಡ. ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆಗಳವು. ಗಂಟು ಹಿಡಿಯುವುದು, ಮುಖ ಕೆಂಪಾಗುವುದು, ಕೂದಲು ಉದುರುವುದು, ಎದ್ದು ಕೂರಲಾರದಷ್ಟು ಸುಸ್ತು.

ನನಗೆ ಅದು ಹೇಗೆಂದು ತಿಳಿಯಲಿಲ್ಲ, ಕೇಳಿದೆ. ರತ್ನಾ ಗೇಟಿನ ಕಡೆ ಕೈ ತೋರಿಸಿದರು. “ಈ ಗಾರ್ಡ್ ಕಳ್ಳನನ್ನ ತಡೀಬೇಕು ತಾನೇ? ಒಂದು ದಿನ ತಲೆ ಕೆಟ್ಟು, ಫ್ಲ್ಯಾಟಿನವರನ್ನೇ ಹಿಡಿದು ಹೊಡೆಯೋಕೆ ಶುರು ಮಾಡಿದ ಅನ್ಕೊಳ್ಳಿ. ಹೊರಗಿಂದ ನೋಡೋರಿಗೆ ಕಳ್ಳ ಯಾರು, ಮನೆಯವರು ಯಾರು, ಏನೂ ಗೊತ್ತಾಗಲ್ಲ.”

ಇದು ಅರ್ಥವಾಯಿತು ಎಂದುಕೊಳ್ಳುವಷ್ಟರಲ್ಲಿ ಅವರು ಇನ್ನೊಂದು ಮಾತು ಹೇಳಿ ಮತ್ತೆ ಗೊಂದಲಕ್ಕೆ ಕೆಡವಿದರು. ಇಂಥ ಕಾಯಿಲೆ ಹುಡುಕಲು ಮೊದಲು ಮಾಡುವ ಎಎನ್‌ಎ ಎಂಬ ಪರೀಕ್ಷೆಯಲ್ಲಿ ರತ್ನಾ ಅವರೇ ಪಾಸಿಟಿವ್! ಆರು ವರ್ಷದ ಹಿಂದೆ ಲ್ಯಾಬಿನಲ್ಲಿ ಹೊಸ ಕಿಟ್ ಬಂದಾಗ ಸಿಬ್ಬಂದಿಯ ರಕ್ತವನ್ನೇ ಹಾಕಿ ನೋಡಿದ್ದರಂತೆ. “ನಾನು ಪಾಸಿಟಿವ್, ಆದರೆ ನನಗೇನೂ ಇಲ್ಲ. ನೆಗೆಟಿವ್ ಬಂದವರು ಹಾಸಿಗೆ ಹಿಡಿದಿದ್ದಾರೆ. ಪೇಷಂಟು ಫೋನ್ ಮಾಡಿ ‘ರಿಪೋರ್ಟ್ ಬಂತು, ನನಗೆ ಏನಾಗಿದೆ ಹೇಳಿ’ ಅಂತಾರೆ. ನಾನೇನು ಹೇಳಲಿ? ಡಾಕ್ಟರಿಗೇ ಮೂರು ಸಲ ನೋಡಿದ ಮೇಲೂ ಗೊತ್ತಾಗಲ್ಲ.” ಪಾಪ, ರಿಪೋರ್ಟ್ ಹಿಡಿದುಕೊಂಡು ಇಂಟರ್‌ನೆಟ್ ಮುಂದೆ ಕೂತವರ ಪಾಡೇನು!

ಸರ್ವಿಸ್ ಲಿಫ್ಟ್ ಬರಲು ಏಳು ನಿಮಿಷ ಹಿಡಿಯುತ್ತದೆ. ಫ್ಲಾಸ್ಕಿನ ಬಿಸಿ ಇಳಿಯುತ್ತಿದೆಯಲ್ಲ ಎಂದು ನನಗೇ ಚಡಪಡಿಕೆ. ಹದಿನಾಲ್ಕನೇ ಮಹಡಿಯ ಬಾಗಿಲು ತೆಗೆಯುವವರು ಗೋಪಿನಾಥ. ಖಾಸಗಿ ಕಂಪನಿಯೊಂದರಲ್ಲಿ ಮ್ಯಾನೇಜರ್. ನನಗೆ ನಮಸ್ಕಾರ ಹೇಳುತ್ತಾರೆ, ರತ್ನಾ ಅವರಿಗೆ ಹೇಳುವುದಿಲ್ಲ. ಒಳಗೆ ಹೀಟರ್ ಪಕ್ಕದ ಸೋಫಾದಲ್ಲಿ ಅವರ ಹೆಂಡತಿ ವಾಸಂತಿ ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತಿದ್ದಾರೆ. ಐವತ್ತೆರಡು ವರ್ಷ. ಮೈಸೂರಿನವರು, ದೆಹಲಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಕಲಿಸುತ್ತಿದ್ದರು ಎನ್ನಬೇಕೇನೋ. ಒಂದು ತಿಂಗಳಿಂದ ನಿಲ್ಲಲು ಆಗುತ್ತಿಲ್ಲ, ರಜೆಯಲ್ಲಿದ್ದಾರೆ.

ವಾಸಂತಿಯವರ ಕತೆ ಎರಡು ವರ್ಷದ್ದು. ಮೊದಲು ಕಣ್ಣು ಒಣಗಿತು, ಕಣ್ಣಿನ ಡಾಕ್ಟರ್ ಹತ್ತಿರ ಹೋದರು. ಬಾಯಿ ಒಣಗಿತು, ಹಲ್ಲಿನ ಡಾಕ್ಟರ್ ಹತ್ತಿರ ಹೋದರು. ಚಳಿಗಾಲದಲ್ಲಿ ಕಾಲಿನ ಮೇಲೆ ನೇರಳೆ ಬಣ್ಣದ ಚುಕ್ಕಿಗಳೆದ್ದವು, ಚರ್ಮದ ಡಾಕ್ಟರ್ ಅಲರ್ಜಿ ಅಂದರು. ಪಾದ ಜೋಮು ಹಿಡಿಯಿತು, ನರದ ಡಾಕ್ಟರ್ ವಿಟಮಿನ್ ಕೊಟ್ಟರು. ಒಬ್ಬ ಹೆಂಗಸನ್ನು ನಾಲ್ಕು ಭಾಗ ಮಾಡಿ ನಾಲ್ಕು ಜನ ನೋಡಿದರು. ಕೊನೆಗೆ ಈ ವರ್ಷದ ಮಾರ್ಚಿನಲ್ಲಿ ಇಂಥ ಕಾಯಿಲೆಗಳಿಗೆಂದೇ ಇರುವ ಡಾಕ್ಟರೊಬ್ಬರು ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಂಡು ಏಳು ಪರೀಕ್ಷೆ ಬರೆದರು. ಏಳನೆಯದು ಕ್ರಯೋಗ್ಲಾಬ್ಯುಲಿನ್. ಚಳಿಯಾದರೆ ರಕ್ತದೊಳಗೇ ಗಟ್ಟಿಯಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಚರ್ಮ, ನರ, ಕಿಡ್ನಿ ಎಲ್ಲವನ್ನೂ ಕೆಡಿಸುವ ಒಂದು ಬಗೆಯ ಪ್ರೋಟೀನು ಇದೆಯೇ ಎಂದು ನೋಡುವ ಪರೀಕ್ಷೆ ಅದು.

ಆವತ್ತು ರಕ್ತ ತೆಗೆಯಲು ಬಂದವರು ಇದೇ ರತ್ನಾ. ಕನ್ನಡದವರೆಂದು ಗೊತ್ತಾಗಿ ವಾಸಂತಿ ಉಪ್ಪಿಟ್ಟು ತಿನ್ನಿಸಿದ್ದರಂತೆ. ರತ್ನಾ ಎಂದಿನಂತೆ ಏಳೂ ಟ್ಯೂಬುಗಳನ್ನು ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿಟ್ಟು ಒಯ್ದರು. ಹದಿನೇಳು ವರ್ಷದಲ್ಲಿ ಕಲಿತ ಮೊದಲ ಪಾಠವೇ ಅದು, ಸ್ಯಾಂಪಲ್ ತಣ್ಣಗಿರಬೇಕು. ಏಳನೇ ಪರೀಕ್ಷೆಯ ರಿಪೋರ್ಟ್ ‘ಕಂಡುಬಂದಿಲ್ಲ’ ಎಂದು ಬಂತು. ಡಾಕ್ಟರು ಆ ಸಾಲಿನ ಮೇಲೆ ಪೆನ್ನಿನಿಂದ ಗೀಟು ಎಳೆದು, ಬೇರೆ ದಾರಿ ಹಿಡಿದರು. ಬೇಸಿಗೆಯಲ್ಲಿ ಚುಕ್ಕಿಗಳೂ ಮಾಯವಾದವು, ದಾರಿ ಸರಿಯಿದೆ ಎಂದುಕೊಂಡರು. ನವೆಂಬರಿನಲ್ಲಿ ಚಳಿ ಬಂದಾಗ ಚುಕ್ಕಿಗಳು ಮೊಣಕಾಲಿನವರೆಗೆ ಏರಿದವು. ಎಡಪಾದ ನೆಲಕ್ಕೆ ತಾಗಿದ್ದೇ ಗೊತ್ತಾಗದಂತಾಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿತು. ಕಿಡ್ನಿಗೂ ತಾಗುತ್ತಿದೆ, ಆದರೆ ಯಾವುದು ತಾಗುತ್ತಿದೆ ಎಂದು ಯಾರಿಗೂ ಗೊತ್ತಿಲ್ಲ.

ಅದೇ ನವೆಂಬರಿನಲ್ಲಿ ರತ್ನಾ ಗ್ರೇಟರ್ ನೋಯ್ಡಾದ ಮತ್ತೊಬ್ಬ ರೋಗಿಯಿಂದ ಇದೇ ಪರೀಕ್ಷೆಗೆ ರಕ್ತ ತಂದು ಲ್ಯಾಬಿನ ಕಿಟಕಿಯಲ್ಲಿಟ್ಟರು. ಒಳಗಿದ್ದ ಚಂದ್ರಮೋಹನ್ ಆ ವಿಭಾಗಕ್ಕೆ ಹೊಸದಾಗಿ ಬಂದ ಹಿರಿಯ ಟೆಕ್ನಿಷಿಯನ್. ಟ್ಯೂಬ್ ಮುಟ್ಟಿ ನೋಡಿದವರೇ ಹಿಂದಿಯಲ್ಲಿ ರೇಗಿದರಂತೆ, “ಇದೇನು ಕುಲ್ಫಿನಾ, ಐಸಲ್ಲಿ ತರೋಕೆ?” ಆಮೇಲೆ ಕೂರಿಸಿ ಹೇಳಿಕೊಟ್ಟರು. ಟ್ಯೂಬ್ ದಾರಿಯಲ್ಲೇ ತಣ್ಣಗಾದರೆ ಆ ಪ್ರೋಟೀನು ಅಲ್ಲೇ ಗಟ್ಟಿಯಾಗಿ, ಮಷೀನಿನಲ್ಲಿ ತಿರುಗಿಸುವಾಗ ರಕ್ತದ ಗಡ್ಡೆಯ ಜೊತೆ ತಳ ಸೇರಿಬಿಡುತ್ತದೆ. ಮೇಲಿನ ತಿಳಿಯಲ್ಲಿ ಹುಡುಕುವವರಿಗೆ ಏನೂ ಸಿಗುವುದಿಲ್ಲ. ಇದ್ದರೂ ‘ಕಂಡುಬಂದಿಲ್ಲ’ ಎಂದೇ ಬರುತ್ತದೆ.

“ನನ್ನ ಕೈಕಾಲು ತಣ್ಣಗಾಯ್ತು ಸರ್” ಎನ್ನುತ್ತಾರೆ ರತ್ನಾ. ಪ್ರತಿ ಮನೆಯ ಡಾಕ್ಟರ್ ಚೀಟಿಯನ್ನೂ ಫೋನಿನಲ್ಲಿ ಫೋಟೊ ಹಿಡಿದುಕೊಳ್ಳುವ ಅಭ್ಯಾಸ ಅವರದು. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಒಂದು ವರ್ಷದ ಫೋಟೊಗಳನ್ನು ಹಿಂದಕ್ಕೆ ಸರಿಸಿದರು. ಆ ಪರೀಕ್ಷೆ ಇನ್ನೊಂದೇ ಕಡೆ ಇತ್ತು. ಮಾರ್ಚ್ ಹನ್ನೊಂದು, ವಾಸಂತಿ, ಇಂದಿರಾಪುರಂ.

ಮೇಲಿನವರಿಗೆ ಹೇಳಿದರು. ಸಹಿ ಆಗಿ ಹೋದ ರಿಪೋರ್ಟ್, ಸುಮ್ಮನಿರಿ ಎಂಬ ಉತ್ತರ ಬಂತು. ಫಾರಂನಲ್ಲಿ ಎಲ್ಲಿಯೂ ‘ಬೆಚ್ಚಗೆ ತನ್ನಿ’ ಎಂದು ಬರೆದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಹಾಗಾದರೆ ತಪ್ಪು ಯಾರದು? ಫಾರಂ ಮಾಡಿದವರದೋ, ತಣ್ಣಗಿನ ಟ್ಯೂಬನ್ನು ಸುಮ್ಮನೆ ತೆಗೆದುಕೊಂಡವರದೋ, ತಂದವರದೋ? ನನ್ನನ್ನು ಕೇಳಿದರೆ ನನಗೂ ಗೊತ್ತಿಲ್ಲ. ರತ್ನಾ ಮೂರು ದಿನ ಒದ್ದಾಡಿ, ಭಾನುವಾರ ರಜೆಯ ದಿನ ಈ ಮನೆಯ ಗಂಟೆ ಒತ್ತಿದರು.

ಆವತ್ತು ನಡೆದದ್ದನ್ನು ವಾಸಂತಿ ನನಗೆ ಹೇಳುತ್ತಾರೆ. “ಅವಳು ನಿಂತುಕೊಂಡೇ ಎಲ್ಲಾ ಹೇಳಿದಳು. ಕೂತ್ಕೋ ಅಂದ್ರೂ ಕೂರಲಿಲ್ಲ. ಇವರು ಕೂಗಾಡಿದರು. ನನಗೆ ಒಂದೇ ಪ್ರಶ್ನೆ ಬಂತು. ಹಾಗಾದರೆ ನನಗೆ ಅದು ಇದೆಯಾ, ಇಲ್ವಾ? ಅವಳು ‘ಗೊತ್ತಿಲ್ಲ ಅಕ್ಕ’ ಅಂದಳು. ಎರಡು ವರ್ಷದಲ್ಲಿ ನನಗೆ ಗೊತ್ತಿಲ್ಲ ಅಂತ ಹೇಳಿದವಳು ಅವಳೊಬ್ಬಳೇ.”

ಗೋಪಿನಾಥ ನನ್ನನ್ನು ಬಾಲ್ಕನಿಗೆ ಕರೆದು ತಗ್ಗಿದ ದನಿಯಲ್ಲಿ, “ಇವರ ಬಗ್ಗೆ ಹೊಗಳಿ ಬರೀತೀರಂತೆ. ಒಂಬತ್ತು ತಿಂಗಳು ಹೋಯ್ತಲ್ಲ ಸಾರ್, ಅದನ್ನ ಯಾರು ಬರೀತಾರೆ?” ಎಂದು ಕೇಳುತ್ತಾರೆ. ಅವರ ಸಿಟ್ಟು ಸರಿಯಾಗಿಯೇ ಇದೆ. ಡಾಕ್ಟರು ಪರೀಕ್ಷೆಯನ್ನು ಮತ್ತೆ ಬರೆದುಕೊಟ್ಟಾಗ ಗೋಪಿನಾಥ ಬೇರೆ ಲ್ಯಾಬುಗಳಿಗೂ ಫೋನ್ ಮಾಡಿದ್ದರಂತೆ. ರಕ್ತವನ್ನು ಹೇಗೆ ಒಯ್ಯುತ್ತೀರಿ ಎಂದರೆ ಎಲ್ಲರದೂ ಒಂದೇ ಉತ್ತರ, ‘ಐಸ್ ಬಾಕ್ಸ್ ಇದೆ ಸರ್, ಚಿಂತೆ ಮಾಡಬೇಡಿ.’ ಲ್ಯಾಬಿಗೇ ಹೋಗಿ ರಕ್ತ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ಚಂದ್ರಮೋಹನ್ ಅದನ್ನೇ ಹೇಳಿದ್ದರು. ಆದರೆ ಈ ಚಳಿಯಲ್ಲಿ ಹೊರಗೆ ಕಾಲಿಟ್ಟರೆ ವಾಸಂತಿಯವರ ಚುಕ್ಕಿಗಳು ಹುಣ್ಣಾಗುತ್ತವೆ. ಹಾಗಾಗಿ ಫ್ಲಾಸ್ಕು, ಹಾಗಾಗಿ ಮತ್ತೆ ರತ್ನಾ.

ರತ್ನಾ ಸ್ವೆಟರಿನೊಳಗಿಂದ ಸಿರಿಂಜು ತೆಗೆಯುತ್ತಾರೆ. ಎರಡು ಸಲ ನಾಳ ಒತ್ತಿ ನೋಡಿದವರು ಮೂರನೇ ಸಲವೂ ಒತ್ತಿ ನೋಡುತ್ತಾರೆ. “ಉಸಿರು ಬಿಡು ರತ್ನಾ” ಎಂದು ರೋಗಿಯೇ ಹೇಳುತ್ತಾರೆ. ಸೂಜಿ ಮೊದಲ ಸಲಕ್ಕೇ ನಾಳ ಸೇರುತ್ತದೆ. ಟ್ಯೂಬ್ ತುಂಬಿದ ಕೂಡಲೇ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಫ್ಲಾಸ್ಕಿಗಿಳಿಸಿ, ಮುಚ್ಚಳ ತಿರುಗಿಸುತ್ತಾರೆ. ಉಪ್ಪಿಟ್ಟಿನ ಮಾತು ಯಾರೂ ಎತ್ತುವುದಿಲ್ಲ.

ಕೆಳಗೆ ಬಂದು ಸ್ಕೂಟರ್ ಏರುವ ಮುನ್ನ ನಾನು ಕೇಳಬಾರದ ಪ್ರಶ್ನೆ ಕೇಳುತ್ತೇನೆ. ರಿಪೋರ್ಟ್ ಹೇಗೆ ಬರಲಿ ಎಂದು ನಿಮ್ಮ ಮನಸ್ಸಿನಲ್ಲಿದೆ? ರತ್ನಾ ಹಾಕಿಕೊಳ್ಳಲು ಎತ್ತಿದ ಹೆಲ್ಮೆಟನ್ನು ಕೆಳಗಿಳಿಸುತ್ತಾರೆ. “ಇದೆ ಅಂತ ಬಂದ್ರೆ ಅಕ್ಕನಿಗೆ ಸರಿಯಾದ ಔಷಧಿ ಸಿಗುತ್ತೆ. ಆದ್ರೆ ಒಂಬತ್ತು ತಿಂಗಳು ಹಾಳಾಗಿದ್ದು ನನ್ನ ಡಬ್ಬಿಯಿಂದ ಅಂತ ಆಗುತ್ತೆ. ಇಲ್ಲ ಅಂತ ಬಂದ್ರೆ ನಾನು ಬಚಾವ್, ಅಕ್ಕ ಮತ್ತೆ ಕತ್ತಲಲ್ಲಿ. ಯಾವ ದೇವರಿಗೆ ಏನಂತ ಕೈ ಮುಗೀಲಿ ಹೇಳಿ? ಬೆಳಗ್ಗೆ ದೀಪ ಹಚ್ಚಿ ಸುಮ್ಮನೆ ನಿಂತಿದ್ದೆ. ಏನೂ ಕೇಳಲಿಲ್ಲ.”

ಅವರ ಸ್ಕೂಟರ್ ಹಿಂದೆ ನಾನು ಆಟೊದಲ್ಲಿ. ಲ್ಯಾಬಿನ ಕಿಟಕಿಯಲ್ಲಿ ಚಂದ್ರಮೋಹನ್ ಥರ್ಮಾಮೀಟರ್ ಅದ್ದಿ ನೋಡಿ, ಮೂವತ್ತಾರೂವರೆ ಎಂದು ತಲೆಯಾಡಿಸುತ್ತಾರೆ. ರಕ್ತ ಬಿಸಿಯಲ್ಲೇ ಗಡ್ಡೆಕಟ್ಟಬೇಕು, ಬಿಸಿಯಲ್ಲೇ ತಿರುಗಬೇಕು, ತಿಳಿ ಬೇರೆಯಾದ ಮೇಲೆ ಮಾತ್ರ ಫ್ರಿಜ್ ಸೇರಬೇಕು. ಅಲ್ಲಿ ಏಳು ದಿನ ಕಾಯಬೇಕು. ಆ ಏಳು ದಿನವೂ ರತ್ನಾ ಎಂದಿನಂತೆ ಮನೆಮನೆ ತಿರುಗುತ್ತಾರೆ. ದಿನಾ ಮಧ್ಯಾಹ್ನ ನಾನು ಫೋನ್ ಮಾಡುತ್ತೇನೆ, ದಿನಾ “ಇನ್ನೂ ನೋಡಿಲ್ಲ ಸರ್” ಎನ್ನುತ್ತಾರೆ. ಐದನೇ ದಿನ ಅವರ ಗಂಡ ಚಂದ್ರಶೇಖರ ಫೋನ್ ಎತ್ತಿಕೊಂಡು, “ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆದು ಸುಮ್ಮನೆ ನೋಡ್ತಾ ನಿಂತಿರ್ತಾಳೆ ಸಾರ್, ಏನು ಬೇಕೇ ಅಂದ್ರೆ ಗೊತ್ತಿಲ್ಲ ಅಂತಾಳೆ” ಎಂದು ದೂರುತ್ತಾರೆ.

ಏಳನೇ ದಿನ ರತ್ನಾ ಜೊತೆ ನಾನೂ ಲ್ಯಾಬಿಗೆ ಹೋಗುತ್ತೇನೆ. ಚಂದ್ರಮೋಹನ್ ಫ್ರಿಜ್ಜಿನಿಂದ ಟ್ಯೂಬ್ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಮೇಲೆ ತಿಳಿ ಹಳದಿ. ತಳದಲ್ಲಿ, ಅಕ್ಕಿ ತೊಳೆದ ನೀರಿನ ಗಸಿಯಂತೆ, ಬೆಳ್ಳಗೆ ಒಂದು ಪದರ ಕೂತಿದೆ. ಖಚಿತ ಮಾಡಿಕೊಳ್ಳಲು ಅದನ್ನು ಮತ್ತೆ ಬೆಚ್ಚಗಿನ ನೀರಿನಲ್ಲಿಡುತ್ತಾರೆ. ನಾವು ಮೂವರೂ ಬಗ್ಗಿ ನೋಡುತ್ತೇವೆ. ಬಿಳಿ ಪದರ ನಿಧಾನಕ್ಕೆ ಕರಗಿ ಇಲ್ಲವಾಗುತ್ತದೆ. “ಹೈ” ಎಂದಷ್ಟೇ ಹೇಳುತ್ತಾರೆ ಚಂದ್ರಮೋಹನ್. ಇದೆ.

ರತ್ನಾ ಅಳುತ್ತಾರೆ. ನಗುತ್ತಲೂ ಇದ್ದಾರೆ. “ಯಾಕೆ ಅಳ್ತಿದ್ದೀನಿ ಅಂತ ಕೇಳಬೇಡಿ, ನನಗೂ ಗೊತ್ತಾಗ್ತಿಲ್ಲ” ಎಂದು ಸ್ವೆಟರಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಒಬ್ಬರಿಗೆ ಕೆಟ್ಟ ಕಾಯಿಲೆ ಇದೆ ಎಂದು ಗೊತ್ತಾದದ್ದಕ್ಕೆ ನನಗೂ ಸಂತೋಷವಾಗಿದೆ, ಆ ಸಂತೋಷದ ಬಗ್ಗೆ ನಾಚಿಕೆಯೂ ಆಗಿದೆ.

ಎರಡು ವಾರದ ಮೇಲೆ ಹದಿನಾಲ್ಕನೇ ಮಹಡಿಗೆ ಮತ್ತೆ ಹೋದಾಗ ವಾಸಂತಿಯವರ ಚಿಕಿತ್ಸೆ ಶುರುವಾಗಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದಿದ್ದಾರೆ, ಹೊಸ ಚುಕ್ಕಿಗಳು ಏಳುತ್ತಿಲ್ಲ. ಕಿಡ್ನಿ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎಡಪಾದದ ಬಗ್ಗೆ ಮಾತ್ರ ಏನೂ ಹೇಳಲಾರರಂತೆ. ಜೋಮು ಹೋಗಬಹುದು, ಹೋಗದೆಯೂ ಇರಬಹುದು. ಮಾರ್ಚಿನಲ್ಲೇ ಶುರುವಾಗಿದ್ದರೆ ಎಂಬ ಮಾತನ್ನು ಯಾರೂ ಆಡುವುದಿಲ್ಲ, ಆದರೆ ಅದು ಕೋಣೆಯಲ್ಲಿದೆ.

ವಾರದ ರಕ್ತಪರೀಕ್ಷೆಗೆ ಬಂದ ರತ್ನಾ ಬಾಗಿಲಲ್ಲೇ ನಿಂತು, “ಬೇರೆಯವರನ್ನ ಕಳಿಸಲಾ ಅಕ್ಕ?” ಎಂದು ಕೇಳುತ್ತಾರೆ. ವಾಸಂತಿ ತೋಳು ಮೇಲೇರಿಸುತ್ತಾ, “ಸಿಟ್ಟಿದೆ ರತ್ನಾ. ಕಾಲು ಎಳೆದುಕೊಂಡು ಬಾತ್‌ರೂಮಿಗೆ ಹೋಗುವಾಗಲೆಲ್ಲ ಬರುತ್ತೆ. ಅದು ಬೇರೆ. ಬಾ, ಚುಚ್ಚು” ಎನ್ನುತ್ತಾರೆ. ಗೋಪಿನಾಥ ಕುರ್ಚಿ ಎಳೆದು ರತ್ನಾ ಅವರ ಹಿಂದೆ ಇಡುತ್ತಾರೆ.

ರತ್ನಾ ಅವರಿಗೆ ಸದ್ಯ ಇರುವ ಆಸೆ ಒಂದೇ. ಈ ಪರೀಕ್ಷೆಯ ಫಾರಂ ಮೇಲೆ ‘ಐಸ್ ಬೇಡ, ಬೆಚ್ಚಗೆ ತನ್ನಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಕಂಪನಿಯವರು ನೋಡೋಣ ಎಂದಿದ್ದಾರೆ. ಅವರು ನೋಡುವವರೆಗೆ ತಾನೇ ಕೈಯಲ್ಲಿ ಬರೆದ ಚೀಟಿಗಳನ್ನು ಉಳಿದ ಹನ್ನೊಂದು ಜನ ಕಲೆಕ್ಷನ್‌ನವರ ಡಬ್ಬಿಗಳಿಗೆ ಅಂಟಿಸಿದ್ದಾರೆ.

ಲಿಫ್ಟಿಗೆ ಕಾಯುವಾಗ ನಾನು ನನ್ನ ಕಷ್ಟ ಹೇಳಿಕೊಳ್ಳುತ್ತೇನೆ. ಇದು ಅಚ್ಚಾದರೆ ನಿಮ್ಮ ಕೆಲಸಕ್ಕೇ ಸಂಚಕಾರ ಬರಬಹುದು. ಮಾರ್ಚಿನ ಸಂಗತಿ ಬಿಟ್ಟುಬಿಡಲೇ? ಇಲ್ಲದಿದ್ದರೆ ಹೆಸರನ್ನಾದರೂ ಬದಲಾಯಿಸಲೇ?

ರತ್ನಾ ಬ್ಯಾಗಿನ ಜಿಪ್ ಎಳೆಯುತ್ತಾರೆ. ಲಿಫ್ಟ್ ಬಂದು ಬಾಗಿಲು ತೆರೆಯುತ್ತದೆ.

“ಬೇಡ ಸರ್. ಐಸಲ್ಲಿಟ್ಟವಳ ಹೆಸರು ತೆಗೆದ್ರೆ, ಆವತ್ತು ಭಾನುವಾರ ಬಂದು ಈ ಮನೆ ಬೆಲ್ ಒತ್ತಿದವಳ ಹೆಸರೂ ಹೋಗುತ್ತಲ್ಲ. ಅದು ನಾನೇ ಒತ್ತಿದ್ದು. ರತ್ನಾ ಅಂತಲೇ ಹಾಕಿ.”